ಗ್ಲುಟೆನ್ ಇಲ್ಲ, ಹಾಲೂ ಇಲ್ಲ: ಮನೆಯಲ್ಲಿ ಫ್ರೂಟ್ ಕೇಕ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈದಾ ಬೇಡ, ಬೆಣ್ಣೆ ಬೇಡ ಅಂದರೆ ಕೇಕಿನಲ್ಲಿ ಉಳಿಯುವುದಾದರೂ ಏನು ಅಂತ ಮೊದಲು ನನಗೂ ಅನಿಸಿತ್ತು. ಉಳಿಯುವುದು ಹಣ್ಣು. ತೂಕ ಹಾಕಿ ನೋಡಿದರೆ ಫ್ರೂಟ್ ಕೇಕಿನಲ್ಲಿ ಹಿಟ್ಟಿಗಿಂತ ಹಣ್ಣೇ ಜಾಸ್ತಿ. ಹಾಗಾಗಿ ಗ್ಲುಟೆನ್ ಇಲ್ಲದ ಬೇಕಿಂಗ್ ಕಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸ್ಪಂಜ್ ಕೇಕ್ ಕೆಟ್ಟರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಸಣ್ಣಪುಟ್ಟ ತಪ್ಪನ್ನು ಹಣ್ಣು ಮುಚ್ಚಿಹಾಕುತ್ತದೆ.

ಗ್ಲುಟೆನ್ ಅಂದರೆ ಏನು? ಅದಿಲ್ಲದೆ ಕೇಕ್ ನಿಲ್ಲುತ್ತದಾ?

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಒಂದು ಬಗೆಯ ಪ್ರೋಟೀನು ಗ್ಲುಟೆನ್. ಗೋಧಿ ಹಿಟ್ಟಿಗೆ ನೀರು ಬಿದ್ದು ನಾದಿದಾಗ ಅದು ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಆ ಬಲೆಯೊಳಗೆ ಗಾಳಿ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಮೈದಾ, ರವೆ ಎರಡೂ ಗೋಧಿಯೇ ಅನ್ನುವುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಸೀಲಿಯಾಕ್ ಕಾಯಿಲೆ ಇರುವವರಿಗೆ ಗ್ಲುಟೆನ್ ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತದೆ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು 1940ರ ದಶಕದಲ್ಲಿ ಗುರುತಿಸಿದವರು ವಿಲ್ಲೆಮ್ ಡಿಕೆ ಅನ್ನುವ ಡಚ್ ಮಕ್ಕಳ ವೈದ್ಯರು.

ಇನ್ನು ಕೇಕ್ ನಿಲ್ಲುವ ಮಾತು. ಬ್ರೆಡ್‌ಗೆ ಆ ಬಲೆ ಬೇಕೇ ಬೇಕು. ಫ್ರೂಟ್ ಕೇಕ್‌ಗೆ ಬೇಕಿಲ್ಲ. ಇದು ಎತ್ತರಕ್ಕೆ ಉಬ್ಬುವ ಕೇಕೇ ಅಲ್ಲ. ಮೊಟ್ಟೆ, ಅಂಟಂಟು ಹಣ್ಣು, ಸ್ವಲ್ಪ ಸ್ಟಾರ್ಚ್ ಸೇರಿದರೆ ಹಿಡಿದುಕೊಳ್ಳಲು ಅಷ್ಟು ಸಾಕು.

ಯಾವ ಹಿಟ್ಟು ಹಾಕಬೇಕು? ಬರೀ ಅಕ್ಕಿ ಹಿಟ್ಟು ಸಾಕಾಗುವುದಿಲ್ಲವಾ?

ಬರೀ ಅಕ್ಕಿ ಹಿಟ್ಟಿನಲ್ಲಿ ಮಾಡಿದರೆ ಕೇಕ್ ಆಗುತ್ತದೆ, ಆದರೆ ಬಾಯಲ್ಲಿ ಮರಳು ಮರಳು. ಒಂದೇ ಹಿಟ್ಟಿನಿಂದ ಎಲ್ಲ ಕೆಲಸ ಮಾಡಿಸಲು ಹೋಗಬೇಡಿ. ಅಕ್ಕಿ ಹಿಟ್ಟು ಮೈಕಟ್ಟು ಕೊಡುತ್ತದೆ. ಬಾದಾಮಿ ಪುಡಿಯಲ್ಲಿ ಎಣ್ಣೆಯಂಶ ಇರುವುದರಿಂದ ಕೇಕ್ ಬೇಗ ಒಣಗುವುದಿಲ್ಲ. ಕಾರ್ನ್‌ಫ್ಲೋರ್ ಅಥವಾ ಮರಗೆಣಸಿನ ಸ್ಟಾರ್ಚ್ ಇವೆರಡನ್ನೂ ಹಿಡಿದಿಡುತ್ತದೆ. ಸ್ಟಾರ್ಚ್ ಜಾಸ್ತಿಯಾದರೆ ಮಾತ್ರ ಕೇಕ್ ರಬ್ಬರಿನ ಹಾಗಾಗುತ್ತದೆ. ಒಟ್ಟು ಹಿಟ್ಟಿನಲ್ಲಿ ಅದು ಐದರಲ್ಲೊಂದು ಪಾಲು ಮೀರದಿರಲಿ.

ಅಕ್ಕಿ ಹಿಟ್ಟು ಎಷ್ಟು ನುಣ್ಣಗಿದ್ದರೆ ಅಷ್ಟು ಒಳ್ಳೆಯದು. ಬೆರಳುಗಳ ನಡುವೆ ಉಜ್ಜಿ ನೋಡಿ. ಪೌಡರಿನ ಹಾಗೆ ಜಾರಬೇಕು. ತರಿತರಿ ಇದ್ದರೆ ಕಲಸಿದ ಮೇಲೆ ಇಪ್ಪತ್ತು ನಿಮಿಷ ಸುಮ್ನೆ ಬಿಡಿ, ನೀರು ಹೀರಿಕೊಂಡು ಮೆತ್ತಗಾಗುತ್ತದೆ. ಗ್ಲುಟೆನ್ ಇಲ್ಲದ ಹಿಟ್ಟುಗಳು ನೀರು ಕುಡಿಯುವುದೇ ನಿಧಾನ. ನನ್ನನ್ನು ಕೇಳಿದರೆ, ದುಬಾರಿ ಮಿಶ್ರಣ ಕೊಳ್ಳುವುದಕ್ಕಿಂತ ಈ ಇಪ್ಪತ್ತು ನಿಮಿಷ ಕಾಯುವುದರಲ್ಲೇ ಲಾಭ ಜಾಸ್ತಿ.

ಅಕ್ಕಿ ಹಿಟ್ಟಿನಲ್ಲಿ ಅರ್ಧ ತೆಗೆದು ಅದರ ಬದಲು ಜೋಳದ ಹಿಟ್ಟು ಹಾಕಬಹುದು. ಬಣ್ಣ ಸ್ವಲ್ಪ ಗಾಢವಾಗುತ್ತದೆ, ಮಸಾಲೆ ಹಾಕಿದ ಕೇಕಿಗೆ ಅದು ಒಪ್ಪುತ್ತದೆ ಕೂಡ. ಕಡಲೆ ಹಿಟ್ಟು ಮಾತ್ರ ಬೇಡ. ಅದರ ಹಸಿ ವಾಸನೆ ಹಣ್ಣಿನ ಜೊತೆ ಹೊಂದುವುದಿಲ್ಲ.

ಸರಿ, ಅಳತೆ ಹೇಳಿ.

18 ಸೆಂಟಿಮೀಟರ್ ಅಗಲದ, ಆಳವಾದ ಒಂದು ದುಂಡನೆಯ ಟಿನ್ನಿಗೆ ಇದು ಸರಿಹೋಗುತ್ತದೆ:

- ಒಣಹಣ್ಣು ಎಲ್ಲ ಸೇರಿ 500 ಗ್ರಾಂ (ಒಣದ್ರಾಕ್ಷಿ, ಖರ್ಜೂರ, ಅಂಜೂರ, ಏಪ್ರಿಕಾಟ್, ನಿಮಗೆ ಇಷ್ಟವಾದದ್ದು)
- ಕಿತ್ತಳೆ ರಸ 200 ಮಿಲಿ, ಒಂದು ಕಿತ್ತಳೆಯ ಸಿಪ್ಪೆಯ ತುರಿ
- ಬ್ರೌನ್ ಶುಗರ್ ಅಥವಾ ಪುಡಿ ಬೆಲ್ಲ 150 ಗ್ರಾಂ
- ವಾಸನೆಯಿಲ್ಲದ ಅಡುಗೆ ಎಣ್ಣೆ 110 ಮಿಲಿ
- ಮೊಟ್ಟೆ 3
- ಅಕ್ಕಿ ಹಿಟ್ಟು 120 ಗ್ರಾಂ, ಬಾದಾಮಿ ಪುಡಿ 100 ಗ್ರಾಂ, ಕಾರ್ನ್‌ಫ್ಲೋರ್ 40 ಗ್ರಾಂ
- ಅಡುಗೆ ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಒಂದು ಟೀ ಚಮಚ
- ಝಾಂತನ್ ಗಮ್ ಅರ್ಧ ಟೀ ಚಮಚ (ಹಿಟ್ಟನ್ನು ಹಿಡಿದಿಡುವ ಅಂಟಿನ ಪುಡಿ, ಇದ್ದರೆ)
- ಚಕ್ಕೆ ಪುಡಿ ಒಂದು ಟೀ ಚಮಚ, ಒಣಶುಂಠಿ ಅರ್ಧ, ಜಾಯಿಕಾಯಿ ಮತ್ತು ಲವಂಗ ಚಿಟಿಕೆ ಚಿಟಿಕೆ
- ಉಪ್ಪು ಕಾಲು ಟೀ ಚಮಚ, ಮುರಿದ ವಾಲ್‌ನಟ್ ಅಥವಾ ಗೋಡಂಬಿ ಒಂದು ಹಿಡಿ

ಹಿಟ್ಟನ್ನು ದಯವಿಟ್ಟು ತೂಕ ಮಾಡಿಯೇ ಹಾಕಿ. ಒಂದು ಕಪ್ ಅಕ್ಕಿ ಹಿಟ್ಟೂ ಒಂದು ಕಪ್ ಬಾದಾಮಿ ಪುಡಿಯೂ ಒಂದೇ ತೂಕ ಬರುವುದಿಲ್ಲ. ಕಪ್ ಅಳತೆ ಹಿಡಿದು ಹೊರಟವರ ಕೇಕ್ ಒಂದು ಸಲ ಗಟ್ಟಿ, ಇನ್ನೊಂದು ಸಲ ಮೆತ್ತಗೆ ಆಗುವುದು ಇದರಿಂದಲೇ.

ಮಾಡುವುದು ಹೇಗೆ?

ಹಣ್ಣನ್ನೆಲ್ಲ ಒಣದ್ರಾಕ್ಷಿ ಗಾತ್ರಕ್ಕೆ ಹೆಚ್ಚಿಕೊಳ್ಳಿ. ದೊಡ್ಡ ಪಾತ್ರೆಯಲ್ಲಿ ಹಣ್ಣು, ರಸ, ತುರಿ, ಸಕ್ಕರೆ, ಎಣ್ಣೆ, ಮಸಾಲೆ ಪುಡಿ ಹಾಕಿ ಒಲೆಯ ಮೇಲಿಡಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಇಳಿಸಿ, ಸೋಡಾ ಹಾಕಿ ತಿರುವಿ. ಭುಸ್ಸನೆ ನೊರೆ ಏಳುತ್ತದೆ, ದೊಡ್ಡ ಪಾತ್ರೆ ಅಂದದ್ದು ಅದಕ್ಕೇ. ಸೋಡಾ ಹಣ್ಣಿನ ಸಿಪ್ಪೆಯನ್ನು ಮೆದು ಮಾಡುತ್ತದೆ, ಕೇಕಿಗೆ ಒಳ್ಳೆಯ ಕಂದು ಬಣ್ಣವನ್ನೂ ತರುತ್ತದೆ.

ಈಗ ಆರಲು ಬಿಡಿ. ಪೂರ್ತಿ. ಬೆರಳಿಟ್ಟರೆ ಬಿಸಿ ತಗಲಬಾರದು. ಕನಿಷ್ಠ ಒಂದೂವರೆ ಗಂಟೆ ಬೇಕು, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಬಿಸಿ ಇರುವಾಗಲೇ ಮೊಟ್ಟೆ ಒಡೆದು ಹಾಕಿದರೆ ಹಣ್ಣಿನ ಪಾಕದಲ್ಲಿ ಮೊಟ್ಟೆ ಪಲ್ಯ ಆಗುತ್ತದೆ. ನಾನು ಒಮ್ಮೆ ಅವಸರಪಟ್ಟು ಅದನ್ನೂ ಮಾಡಿ ನೋಡಿದ್ದೇನೆ.

ಆರಿದ ಮೇಲೆ ಕದಡಿದ ಮೊಟ್ಟೆ ಸೇರಿಸಿ. ಅಕ್ಕಿ ಹಿಟ್ಟು, ಕಾರ್ನ್‌ಫ್ಲೋರ್, ಗಮ್, ಉಪ್ಪು ಹಾಕಿ ಕಲಸಿ ಇಪ್ಪತ್ತು ನಿಮಿಷ ಇಡಿ. ಬಾದಾಮಿ ಪುಡಿಗೆ ಬೇಕಿಂಗ್ ಪೌಡರ್ ಬೆರೆಸಿಟ್ಟುಕೊಂಡು ಅದನ್ನು ಕೊನೆಗೆ ಸೇರಿಸಿ. ಮೊದಲೇ ಹಾಕಿದರೆ ಕಾಯುವ ಹೊತ್ತಿನಲ್ಲೇ ಪೌಡರಿನ ಶಕ್ತಿ ಸ್ವಲ್ಪ ಖರ್ಚಾಗಿಬಿಡುತ್ತದೆ. ವಾಲ್‌ನಟ್ ಸೇರಿಸಿ, ಎರಡು ಪದರ ಬಟರ್ ಪೇಪರ್ ಹಾಸಿದ ಟಿನ್ನಿಗೆ ಸುರಿಯಿರಿ. (ಹೆಸರಿನಲ್ಲಿ ಬಟರ್ ಇದ್ದರೂ ಅದರಲ್ಲಿ ಬೆಣ್ಣೆ ಇರುವುದಿಲ್ಲ. ಇದನ್ನೂ ಕೇಳಿದವರಿದ್ದಾರೆ!) ಮೇಲ್ಭಾಗ ಸಮ ಮಾಡಿ, ನಡುವೆ ಚಮಚದಿಂದ ಒಂಚೂರು ತಗ್ಗು ಮಾಡಿ.

ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ 150 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 80ರಿಂದ 95 ನಿಮಿಷ. ಫ್ಯಾನ್ ಇರುವ ಓವನ್ ಆದರೆ 135 ಡಿಗ್ರಿ ಸಾಕು. ನಡುವೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಹತ್ತಬಾರದು. ಹಣ್ಣಿನ ಅಂಟು ಹತ್ತಿದರೆ ಪರವಾಗಿಲ್ಲ. ಅಂಟು ಯಾವುದು, ಹಿಟ್ಟು ಯಾವುದು ಅಂತ ಗೊತ್ತಾಗದಿದ್ದರೆ ಎರಡು ಮೂರು ಕಡೆ ಚುಚ್ಚಿ ನೋಡಿ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 96ರಿಂದ 98 ಡಿಗ್ರಿ ತೋರಿಸಬೇಕು.

ಬೆಣ್ಣೆಯ ಬದಲು ಎಣ್ಣೆ ಎಷ್ಟು? ತುಪ್ಪ ಹಾಕಬಹುದಾ?

ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಮಾತ್ರ ಕೊಬ್ಬು, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ ಬೇರೆ ಪಾಕವಿಧಾನದಲ್ಲಿ 100 ಗ್ರಾಂ ಬೆಣ್ಣೆ ಅಂತಿದ್ದರೆ 80 ಗ್ರಾಂ ಎಣ್ಣೆ, ಒಂದು ದೊಡ್ಡ ಚಮಚ ರಸ ಅಥವಾ ನೀರು ಹಾಕಿ. 100ಕ್ಕೆ 100 ಎಣ್ಣೆ ಸುರಿದರೆ ಕೇಕ್ ಜಿಡ್ಡಾಗುತ್ತದೆ.

ತೆಂಗಿನ ಎಣ್ಣೆಯೂ ಆಗುತ್ತದೆ, ಪರಿಮಳ ಇಷ್ಟವಿದ್ದರೆ. ಅದು ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನು ಹಾಗೇ ಹಾಕಿದರೆ ಗಂಟುಗಂಟಾಗಿ ಕೂರುತ್ತದೆ. ಮೊಟ್ಟೆಯನ್ನು ಮೊದಲೇ ಹೊರಗಿಟ್ಟಿರಿ. ಮಾರ್ಗರಿನ್ ಆದರೆ ಡಬ್ಬಿಯ ಮೇಲಿನ ಪಟ್ಟಿ ಓದಿ, ಕೆಲವದರಲ್ಲಿ ಹಾಲಿನ ಪುಡಿಯೋ ವೇ ಪ್ರೋಟೀನೋ ಇರುತ್ತದೆ.

ತುಪ್ಪ ಹಾಲಿನದೇ. ಕಾಯಿಸಿ ಸೋಸಿದ ಮೇಲೂ ಹಾಲಿನ ಪ್ರೋಟೀನು ಚೂರುಪಾರು ಉಳಿದಿರಬಹುದು. ಹಾಲಿನ ಅಲರ್ಜಿ ಇರುವವರಿಗೆ ಮಾಡುತ್ತಿದ್ದರೆ ತುಪ್ಪದ ಮಾತೇ ಬೇಡ.

ಲ್ಯಾಕ್ಟೋಸ್ ಇಲ್ಲದ ಹಾಲು ಹಾಕಿದರೆ ನಡೆಯುತ್ತದಲ್ವಾ?

ಯಾರಿಗೆ ಮಾಡುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಅದರಲ್ಲಿ ಹಾಲಿನ ಸಕ್ಕರೆಯನ್ನು ಒಡೆದಿರುತ್ತಾರೆ ಅಷ್ಟೇ. ಕೇಸೀನ್, ವೇ ಅನ್ನುವ ಹಾಲಿನ ಪ್ರೋಟೀನುಗಳೆಲ್ಲ ಹಾಗೇ ಇರುತ್ತವೆ. ಲ್ಯಾಕ್ಟೋಸ್ ಅರಗದವರು ಕುಡಿಯಬಹುದು, ಅಲರ್ಜಿ ಇರುವವರು ಕುಡಿಯುವಂತಿಲ್ಲ. ಎರಡೂ ಬೇರೆ ಬೇರೆ ತೊಂದರೆ. ಈ ಕೇಕಿಗಂತೂ ಹಾಲೇ ಬೇಡ, ಕಿತ್ತಳೆ ರಸ ಆ ಕೆಲಸ ಮಾಡುತ್ತದೆ.

ಮೊಟ್ಟೆ ಹಾಲಿನ ಪದಾರ್ಥವಾ?

ಅಲ್ಲ. ಅಂಗಡಿಯಲ್ಲಿ ಹಾಲಿನ ಪಕ್ಕ ಇಟ್ಟಿರುತ್ತಾರೆ, ಅಷ್ಟೇ ನಂಟು.

ಝಾಂತನ್ ಗಮ್ ಇಲ್ಲದೆ ಆಗುವುದಿಲ್ಲವಾ?

ಆಗುತ್ತದೆ. ಇದು ಒಂದು ಬಗೆಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ಹುದುಗಿಸಿದಾಗ ಸಿಗುವ ಅಂಟು. ಗ್ಲುಟೆನ್ ಮಾಡುತ್ತಿದ್ದ ಹಿಡಿದಿಡುವ ಕೆಲಸವನ್ನು ಇದು ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಇಲ್ಲದಿದ್ದರೆ ಒಂದು ಟೀ ಚಮಚ ಇಸಬ್ಗೋಲ್ ಹೊಟ್ಟಿನ ಪುಡಿ ಹಾಕಿ. ಮೂರು ಮೊಟ್ಟೆ ಇರುವ ಕೇಕಿಗೆ ಎರಡನ್ನೂ ಬಿಟ್ಟರೂ ಕೇಕ್ ಬರುತ್ತದೆ, ಹೋಳು ಮಾಡುವಾಗ ಸ್ವಲ್ಪ ಹುಷಾರಾಗಿರಬೇಕು ಅಷ್ಟೇ. ಗಮ್ ಜಾಸ್ತಿ ಹಾಕಿದರೆ ಜಾಸ್ತಿ ಚೆನ್ನಾಗಿ ಬರುತ್ತದೆ ಅನ್ನುವ ಲೆಕ್ಕ ಮಾತ್ರ ಹಾಕಬೇಡಿ. ಲೋಳೆ ಲೋಳೆಯಾಗುತ್ತದೆ.

ಹಿಟ್ಟು ಬದಲಾಯಿಸಿದೆ. ಇನ್ನೆಲ್ಲಿ ಗ್ಲುಟೆನ್ ಬರಲು ಸಾಧ್ಯ?

ಎಲ್ಲರೂ ಹಿಟ್ಟಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಗ್ಲುಟೆನ್ ನುಸುಳುವುದು ಚಮಚದ ಲೆಕ್ಕದಲ್ಲಿ ಹಾಕುವ ಸಾಮಾನುಗಳಿಂದ.

ಬೇಕಿಂಗ್ ಪೌಡರ್ ಗಂಟು ಕಟ್ಟದಿರಲಿ ಅಂತ ಸ್ಟಾರ್ಚ್ ಬೆರೆಸಿರುತ್ತಾರೆ. ಹೆಚ್ಚಾಗಿ ಅದು ಮೆಕ್ಕೆಜೋಳದ್ದು, ಕೆಲವು ಸಲ ಗೋಧಿಯದು. ಹೆಚ್ಚಿದ ಖರ್ಜೂರದ ಪ್ಯಾಕೆಟ್ಟು ಇನ್ನೂ ಮೋಸ. ತುಂಡುಗಳು ಒಂದಕ್ಕೊಂದು ಅಂಟದಿರಲಿ ಅಂತ ಅದಕ್ಕೆ ಹಿಟ್ಟು ಉದುರಿಸಿರುತ್ತಾರೆ, ಅದು ಓಟ್ಸ್ ಹಿಟ್ಟೂ ಆಗಿರಬಹುದು. ಇಡೀ ಖರ್ಜೂರ ತಂದು ನೀವೇ ಬೀಜ ತೆಗೆದು ಹೆಚ್ಚುವುದು ಕ್ಷೇಮ. ಓಟ್ಸ್‌ನಲ್ಲಿ ಗೋಧಿಯ ಗ್ಲುಟೆನ್ ಇಲ್ಲ ನಿಜ, ಆದರೆ ಹೊಲದಲ್ಲೋ ಗಿರಣಿಯಲ್ಲೋ ಗೋಧಿ ಬೆರೆತಿರುತ್ತದೆ. ಸೀಲಿಯಾಕ್ ಇರುವ ಕೆಲವರಿಗೆ ಶುದ್ಧ ಓಟ್ಸ್ ಕೂಡ ಆಗುವುದಿಲ್ಲ.

ಮಾಲ್ಟ್ ಅಂತ ಎಲ್ಲಿ ಬರೆದಿದ್ದರೂ ಬಾರ್ಲಿ ಇರಬಹುದು ಅಂತಲೇ ತಿಳಿಯಿರಿ. ಪುಡಿ ಮಾಡಿ ಮಾರುವ ಮಸಾಲೆಯಲ್ಲೂ ಬೆರಕೆ ಇರಬಹುದು. ಚಕ್ಕೆ, ಲವಂಗ ಮನೆಯಲ್ಲೇ ಕುಟ್ಟಿಕೊಂಡರೆ ಘಮವೂ ಜಾಸ್ತಿ.

ಪ್ಯಾಕೆಟ್ಟಿನ ಮೇಲೆ ‘ಗ್ಲುಟೆನ್ ಫ್ರೀ’ ಅಂತ ಬರೆಯಲು ಅನೇಕ ದೇಶಗಳಲ್ಲಿ ಇಟ್ಟಿರುವ ಮಿತಿ ಒಂದು ಕಿಲೋಗೆ 20 ಮಿಲಿಗ್ರಾಂ. ಅದೇ ಪ್ಯಾಕೆಟ್ಟಿನಲ್ಲಿ ಹಾಲಿನಂಶ ಇಲ್ಲ ಅಂತ ಅದರಿಂದ ಅರ್ಥವಾಗುವುದಿಲ್ಲ, ಅದನ್ನು ಬೇರೆಯಾಗಿಯೇ ಹುಡುಕಿ ಓದಬೇಕು.

ಸೀಲಿಯಾಕ್ ಇರುವ ನೆಂಟರು ಬರುತ್ತಿದ್ದಾರೆ. ನಮ್ಮದು ದಿನಾ ಗೋಧಿ ಬಳಸುವ ಅಡುಗೆಮನೆ. ಮಾಡಿ ಕೊಡಬಹುದಾ?

ಮಾಡಬಹುದು, ಆದರೆ ಆ ದಿನ ಗೋಧಿ ಹಿಟ್ಟಿನ ಡಬ್ಬಿ ಮುಚ್ಚಿಯೇ ಇರಲಿ. ಗೋಧಿ ಹಿಟ್ಟು ಗಾಳಿಯಲ್ಲಿ ಹಾರಿ ಎಷ್ಟೋ ಹೊತ್ತಿನ ಮೇಲೆ ಕೆಳಗೆ ಕೂರುತ್ತದೆ. ಬೆಳಿಗ್ಗೆ ಕಟ್ಟೆ ಒರೆಸಿ ಮೊದಲ ಕೆಲಸ ಕೇಕಿನದೇ ಆಗಲಿ.

ಜರಡಿಯನ್ನು ಎಷ್ಟು ತೊಳೆದರೂ ಕಣ್ಣುಗಳಲ್ಲಿ ಹಿಟ್ಟು ಉಳಿದಿರುತ್ತದೆ. ಬೇರೆ ಜರಡಿ ಇಲ್ಲದಿದ್ದರೆ ಜರಡಿ ಹಿಡಿಯುವುದನ್ನೇ ಬಿಡಿ, ಹಿಟ್ಟನ್ನು ಫೋರ್ಕಿನಿಂದ ಕೆದಕಿದರೆ ಸಾಕು. ಮರದ ಸೌಟು, ಗೀರು ಬಿದ್ದ ನಾನ್‌ಸ್ಟಿಕ್ ಟಿನ್ನು ಕೂಡ ಬೇಡ. ಸ್ಟೀಲು, ಗಾಜು ತೊಳೆದರೆ ಶುದ್ಧ. ಬಾಗಿಲ ಬಳಿ ನಿಂತು “ಚೂರು ಗೋಧಿಯಿಂದ ಏನಾಗುತ್ತೆ” ಅನ್ನುವವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಅವರನ್ನು ಒಳಗೆ ಬಿಡಬೇಡಿ. ಚೂರಿನಿಂದಲೂ ಆಗುತ್ತದೆ.

ಕೇಕಿನ ಜೊತೆ ಪ್ಯಾಕೆಟ್ಟುಗಳನ್ನೂ ತೆಗೆದಿಡಿ. ನೆಂಟರು ಓದಿ ನೋಡಿ ತಿನ್ನಲಿ. ಬೇಡ ಅಂದರೆ ಒತ್ತಾಯ ಮಾಡಬೇಡಿ.

ಹಣ್ಣೆಲ್ಲ ತಳಕ್ಕೆ ಇಳಿಯುತ್ತದೆ. ಹಿಟ್ಟಿನಲ್ಲಿ ಹೊರಳಿಸಿದರೆ ಸರಿಹೋಗುತ್ತದಾ?

ಎಲ್ಲರೂ ಹೇಳುವ ಉಪಾಯ ಅದು, ನನಗೆ ಅಷ್ಟು ನಂಬಿಕೆಯಿಲ್ಲ. ಹಣ್ಣು ಇಳಿಯುವುದು ಕಲಸಿದ ಹಿಟ್ಟು ತೆಳ್ಳಗಿರುವುದಕ್ಕೆ. ಚಮಚದಲ್ಲಿ ಎತ್ತಿದರೆ ಧಾರೆಯಾಗಿ ಸುರಿಯಬಾರದು, ದೊಪ್ಪನೆ ಬೀಳಬೇಕು. ತೆಳ್ಳಗಿದೆ ಅನಿಸಿದರೆ ಇನ್ನೂ ಹತ್ತು ನಿಮಿಷ ಬಿಡಿ. ಆಮೇಲೂ ತೆಳ್ಳಗಿದ್ದರೆ ಎರಡು ಚಮಚ ಬಾದಾಮಿ ಪುಡಿ ಹಾಕಿ. ಸಕ್ಕರೆ ಪಾಕದ ಚೆರ್ರಿ ಹಾಕುವುದಾದರೆ ತೊಳೆದು, ಒರೆಸಿ, ಎರಡು ಹೋಳು ಮಾಡಿ ಹಾಕಿ. ಇಡೀ ಚೆರ್ರಿ ಗುಂಡಿನ ಹಾಗೆ ಮುಳುಗುತ್ತದೆ.

ರಮ್, ಬ್ರಾಂದಿ ಹಾಕಲೇಬೇಕಾ?

ಬೇಡ. ಕಿತ್ತಳೆ ರಸ, ಸೇಬಿನ ರಸ, ಗಟ್ಟಿ ಕಪ್ಪು ಚಹಾ, ಯಾವುದರಲ್ಲೂ ಹಣ್ಣು ಚೆನ್ನಾಗಿ ನೆನೆಯುತ್ತದೆ. ನನ್ನ ಆಯ್ಕೆ ಅರ್ಧ ರಸ, ಅರ್ಧ ಚಹಾ. ಚಹಾದ ಒಗರು ಸಿಹಿಯನ್ನು ತೂಗಿಸುತ್ತದೆ. ಹಾಕುವುದೇ ಆದರೆ ರಮ್, ಬ್ರಾಂದಿಯಂಥ ಭಟ್ಟಿ ಇಳಿಸಿದ ಮದ್ಯದಲ್ಲಿ ಗ್ಲುಟೆನ್ ಚಿಂತೆಯಿಲ್ಲ. ಬಿಯರ್ ಬೇಡ, ಅದು ಸಾಮಾನ್ಯವಾಗಿ ಬಾರ್ಲಿಯದು.

ಮೇಲೆ ಕಪ್ಪಾಯಿತು, ಬಿರುಕೂ ಬಿಟ್ಟಿತು, ಒಳಗೆ ಹಸಿ. ಏನು ತಪ್ಪಾಯಿತು?

ಉರಿ ಜಾಸ್ತಿ. ಮೇಲಿನ ಪದರ ಬೇಗ ಗಟ್ಟಿಯಾಯಿತು, ಒಳಗಿನದು ಆಮೇಲೆ ಉಬ್ಬಿ ಅದನ್ನು ಸೀಳಿತು. ಹಣ್ಣಿನ ಸಕ್ಕರೆ ಬೇಗ ಸೀಯುತ್ತದೆ, ಅದಕ್ಕೇ ಈ ಕೇಕಿಗೆ ಕಡಿಮೆ ಶಾಖ, ಜಾಸ್ತಿ ಹೊತ್ತು. ಎಷ್ಟೋ ಓವನ್‌ಗಳು ತೋರಿಸುವುದೊಂದು, ಒಳಗಿರುವುದು ಇನ್ನೊಂದು. ನನ್ನ ಹಳೆಯ ಓವನ್ 20 ಡಿಗ್ರಿ ಸುಳ್ಳು ಹೇಳುತ್ತಿತ್ತು. ಒಳಗಿಡುವ ಚಿಕ್ಕ ಥರ್ಮಾಮೀಟರ್ ತಂದ ದಿನ ಗೊತ್ತಾಯಿತು, ಅಲ್ಲಿಯವರೆಗೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಒಂದು ಗಂಟೆಯ ಹೊತ್ತಿಗೆ ಬಣ್ಣ ಸಾಕು ಅನಿಸಿದರೆ ಮೇಲೆ ಫಾಯಿಲ್ ಸಡಿಲವಾಗಿ ಹೊದಿಸಿ. ಟಿನ್ನಿನ ಹೊರಗೆ ಎರಡು ಸುತ್ತು ಕಂದು ಕಾಗದ ಕಟ್ಟುವ ಹಳೆಯ ಪದ್ಧತಿಯೂ ಒಳ್ಳೆಯದೇ, ಅಂಚು ಒಣಗುವುದಿಲ್ಲ. ಕಾಗದ ಓವನ್ ಕಾಯಿಲ್‌ಗೆ ತಗಲದ ಹಾಗೆ ನೋಡಿಕೊಳ್ಳಿ.

ಕತ್ತರಿಸಿದರೆ ಪುಡಿಪುಡಿ. ಯಾಕೆ?

ಬಿಸಿ ಇರುವಾಗಲೇ ಕತ್ತರಿಸಿದಿರಿ, ಅಲ್ವಾ? ಗ್ಲುಟೆನ್ ಇಲ್ಲದ ಕೇಕಿನ ಸ್ಟಾರ್ಚ್ ಗಟ್ಟಿಯಾಗುವುದೇ ಆರುವಾಗ. ನನ್ನ ಮೊದಲ ಕೇಕ್ ಅರ್ಧ ಗಂಟೆಯೂ ಆರಿರಲಿಲ್ಲ, ಚಾಕು ಇಟ್ಟೆ, ಕುಸಿಯಿತು. ಎಲ್ಲರೂ ಬಟ್ಟಲಲ್ಲಿ ಹಾಕಿಕೊಂಡು ಚಮಚದಲ್ಲಿ ತಿಂದೆವು. ರುಚಿ ಚೆನ್ನಾಗಿಯೇ ಇತ್ತು. ಟಿನ್ನಿನಲ್ಲೇ ಪೂರ್ತಿ ಆರಲಿ, ಕಾಗದದಲ್ಲಿ ಸುತ್ತಿಡಿ, ಮರುದಿನ ಹಲ್ಲಿನ ಚಾಕುವಿನಿಂದ ಕೊಯ್ಯಿರಿ. ಮರುದಿನಕ್ಕೆ ಮಸಾಲೆಯೂ ಹಣ್ಣೂ ಒಂದಾಗಿರುತ್ತವೆ.

ಪುಡಿಯಾಗುವ ಬದಲು ಅಂಟಂಟಾಗಿದ್ದರೆ ಅದು ಬೇಯದೆ ಉಳಿದದ್ದು, ಇಲ್ಲವೇ ಗಮ್ ಜಾಸ್ತಿಯಾದದ್ದು.

ಮೊಟ್ಟೆಯೂ ಬೇಡ ಅಂದರೆ?

ಕಷ್ಟ, ಆದರೆ ಆಗದ್ದಲ್ಲ. ಗ್ಲುಟೆನ್ ಹೋದ ಮೇಲೆ ಹಿಡಿದಿಡುವ ದೊಡ್ಡ ಕೆಲಸ ಮೊಟ್ಟೆಯದೇ. ಅದನ್ನೂ ತೆಗೆದರೆ ಬೇರೆ ಯಾರಾದರೂ ಆ ಭಾರ ಹೊರಬೇಕು. ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. ಮೂರು ಮೊಟ್ಟೆಗೂ ಅಗಸೆಯನ್ನೇ ಹಾಕಿದರೆ ಕೇಕ್ ಭಾರ. ಎರಡರ ಬದಲು ಅಗಸೆ, ಒಂದರ ಬದಲು ಬೇಯಿಸಿ ಅರೆದ ಸೇಬು 60 ಗ್ರಾಂ ಹಾಕಿ. ಗಮ್ ಅಥವಾ ಇಸಬ್ಗೋಲ್ ಆಗ ಬಿಡುವ ಹಾಗಿಲ್ಲ. ಬೇಯಲು ಹತ್ತು ಹದಿನೈದು ನಿಮಿಷ ಜಾಸ್ತಿ ಹಿಡಿಯುತ್ತದೆ. ಎತ್ತರ ಕಡಿಮೆ ಬರುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಬಾದಾಮಿ ಅಲರ್ಜಿ ಇರುವವರಿಗೆ?

ವಾಲ್‌ನಟ್, ಗೋಡಂಬಿ ಕೂಡ ಬಿಡಿ. ಬಾದಾಮಿ ಪುಡಿಯ ಬದಲು ಸೂರ್ಯಕಾಂತಿ ಬೀಜದ ಪುಡಿ ಅಷ್ಟೇ ತೂಕ ಹಾಕಿ. ಒಂದು ತಮಾಷೆ ಇದೆ: ಆ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಸೋಡಾದ ಜೊತೆ ಸೇರಿದರೆ ಕೇಕ್ ಒಳಗೆ ಹಸಿರಾಗಬಹುದು. ಕೆಟ್ಟಿಲ್ಲ, ತಿನ್ನಬಹುದು. ಹೆದರಿ ಎಸೆಯಬೇಡಿ. ಸೋಡಾ ಬಿಟ್ಟು ಬೇಕಿಂಗ್ ಪೌಡರ್ ಅರ್ಧ ಚಮಚ ಜಾಸ್ತಿ ಹಾಕಿದರೆ ಹಸಿರು ಕಡಿಮೆಯಾಗುತ್ತದೆ.

ಸಕ್ಕರೆ ಕಡಿಮೆ ಮಾಡಬಹುದಾ?

100 ಗ್ರಾಂವರೆಗೆ ಇಳಿಸಬಹುದು, ಹಣ್ಣೇ ಸಾಕಷ್ಟು ಸಿಹಿ. ಇನ್ನೂ ಇಳಿಸಿದರೆ ಕೇಕ್ ಬೇಗ ಒಣಗುತ್ತದೆ, ಬೇಗ ಕೆಡುತ್ತದೆ. ನೀರನ್ನು ಹಿಡಿದಿಡುವ ಕೆಲಸವೂ ಸಕ್ಕರೆಯದೇ.

ಗ್ಲುಟೆನ್ ಇಲ್ಲ ಅಂದ ಮೇಲೆ ಇದು ಆರೋಗ್ಯಕ್ಕೆ ಒಳ್ಳೆಯದು, ಅಲ್ವಾ?

ಕೇಕ್ ಕೇಕೇ. ಗ್ಲುಟೆನ್ ಆಗದವರಿಗೆ ಇದು ತಿನ್ನಲು ಬರುವ ಕೇಕ್, ಅಷ್ಟೇ. ತೂಕ ಇಳಿಸುವ ಕೇಕ್ ಅಲ್ಲ.

ಓವನ್ ಇಲ್ಲ.

ಹಬೆಯಲ್ಲಿ ಬೇಯಿಸಿ. ಎಣ್ಣೆ ಸವರಿದ ಆಳದ ಬಟ್ಟಲಿಗೆ ಮುಕ್ಕಾಲು ಭಾಗ ತುಂಬಿ, ಬಟರ್ ಪೇಪರ್ ಮತ್ತು ಫಾಯಿಲ್ ಬಿಗಿಯಾಗಿ ಕಟ್ಟಿ, ಸುಮಾರು ಎರಡು ಗಂಟೆ. ನಡುವೆ ಬಿಸಿ ನೀರು ಸೇರಿಸುತ್ತಿರಿ. ಮೇಲೆ ಕಂದು ಪದರ ಬರುವುದಿಲ್ಲ, ಪುಡಿಂಗಿನ ಹಾಗೆ ಮೆತ್ತಗಿರುತ್ತದೆ. ಕೆಲವರಿಗೆ ಇದೇ ಜಾಸ್ತಿ ಇಷ್ಟ.

ಎರಡು ಪಟ್ಟು ಮಾಡಿ ದೊಡ್ಡ ಟಿನ್ನಿಗೆ ಹಾಕಬಹುದಾ?

ಎರಡು ಪಟ್ಟು ಮಾಡಿ ಎರಡು ಟಿನ್ನಿಗೆ ಹಾಕಿ. ದೊಡ್ಡ ಕೇಕಿನ ನಡುಭಾಗ ಬೇಯುವ ಹೊತ್ತಿಗೆ ಅಂಚು ಇಟ್ಟಿಗೆಯಾಗಿರುತ್ತದೆ.

ಎಷ್ಟು ದಿನ ಇಡಬಹುದು?

2017ರಲ್ಲಿ ಅಂಟಾರ್ಕ್ಟಿಕಾದ ಕೇಪ್ ಅಡೇರ್‌ನ ಹಳೆಯ ಗುಡಿಸಲಿನಲ್ಲಿ ತಗಡಿನ ಡಬ್ಬಿಯೊಳಗೆ ಒಂದು ಫ್ರೂಟ್ ಕೇಕ್ ಸಿಕ್ಕಿತ್ತು. ದಕ್ಷಿಣ ಧ್ರುವಕ್ಕೆ ಹೊರಟಿದ್ದ ಬ್ರಿಟಿಷ್ ಅನ್ವೇಷಕ ಕ್ಯಾಪ್ಟನ್ ಸ್ಕಾಟ್ ತಂಡದವರು ತಂದದ್ದಿರಬೇಕು ಅಂತ ಅಂದಾಜು, ವಯಸ್ಸು 100 ದಾಟಿತ್ತು. ಬೆಣ್ಣೆಯ ಕಮಟು ವಾಸನೆ ಚೂರು ಬಿಟ್ಟರೆ ಹೆಚ್ಚುಕಡಿಮೆ ತಿನ್ನುವ ಹಾಗೇ ಇತ್ತಂತೆ. ನಿಮ್ಮ ಅಡುಗೆಮನೆ ಅಂಟಾರ್ಕ್ಟಿಕಾ ಅಲ್ಲ.

ಮದ್ಯ ಹಾಕದ ಕೇಕನ್ನು ಗಾಳಿಯಾಡದ ಡಬ್ಬಿಯಲ್ಲಿ, ತಂಪು ಜಾಗದಲ್ಲಿ ನಾಲ್ಕು ದಿನ ಇಡಬಹುದು. ಸೆಕೆಗಾಲವಾದರೆ ಎರಡೇ ದಿನ. ಫ್ರಿಜ್ಜಿನಲ್ಲಿ ಒಂದು ವಾರ ಕೆಡುವುದಿಲ್ಲ, ಆದರೆ ಸ್ಟಾರ್ಚ್ ಅಲ್ಲಿ ಬೇಗ ಬಿರುಸಾಗುತ್ತದೆ. ತಿನ್ನುವ ಮೊದಲು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಮೇಲೆ ಬೂಸ್ಟು ಕಂಡರೆ ಆ ಭಾಗ ಕೆತ್ತಿ ಉಳಿದದ್ದನ್ನು ತಿನ್ನಲು ಹೋಗಬೇಡಿ. ಕಣ್ಣಿಗೆ ಕಾಣದ್ದು ಒಳಗೂ ಇಳಿದಿರುತ್ತದೆ.

ನಾನು ಮಾಡುವುದು ಹೀಗೆ: ಮರುದಿನವೇ ಹೋಳು ಮಾಡಿ, ನಡುನಡುವೆ ಬಟರ್ ಪೇಪರ್ ಇಟ್ಟು, ಡಬ್ಬಿಗೆ ಹಾಕಿ ಫ್ರೀಜರ್‌ಗೆ. ಮೂರು ತಿಂಗಳು ಚಿಂತೆಯಿಲ್ಲ. ಬೇಕಾದಾಗ ಒಂದು ಹೋಳು ತೆಗೆದು ಹೊರಗಿಟ್ಟರೆ ಸುಮಾರು ಒಂದು ಗಂಟೆಯಲ್ಲಿ ತಿನ್ನುವ ಹದಕ್ಕೆ ಬರುತ್ತದೆ. ಡಬ್ಬಿಯ ಮೇಲೆ ತಾರೀಖಿನ ಜೊತೆ ‘ಗ್ಲುಟೆನ್ ಇಲ್ಲ, ಹಾಲಿಲ್ಲ’ ಅಂತಲೂ ಬರೆದಿಡಿ. ಮೂರು ವಾರದ ಮೇಲೆ ಡಬ್ಬಿ ತೆಗೆದಾಗ ಇದು ಯಾವ ಕೇಕು ಅಂತ ನಿಮಗೇ ನೆನಪಿರುವುದಿಲ್ಲ.